ಕಿರೀಟ ಕೂರುವ ಸೀಟು

೩ ಏಪ್ರಿಲ್ ೨೦೨೫, ಗುರುವಾರ
ಶಿಫ್ಟ್ ಮುಗಿಸಿ ಪೀಣ್ಯದಿಂದ ನೇರ ನಾಟಕದ ತಾಲೀಮಿಗೆ. ಎಂದಿನಂತೆ ಹಿಂದಿನ ಸೀಟಿನಲ್ಲಿ ರಾಜನ ಮಖಮಲ್ ನಿಲುವಂಗಿ, ಗಡ್ಡ, ಅದರ ಮೇಲೆ ಕಿರೀಟದ ಪೆಟ್ಟಿಗೆ. ಡಿಕ್ಕಿಗೆ ಹಾಕುವುದಿಲ್ಲ. ಸ್ಟೆಪ್ನಿ, ಜಾಕು, ಹಳೇ ಚಪ್ಪಲಿಗಳ ಜತೆ ಕಿರೀಟವೇ? ನಮ್ಮ ಮಂಡಳಿಯಲ್ಲಿ ಅಜ್ಜನ ಕಾಲದಿಂದಲೂ ಅದು ಮನುಷ್ಯರಂತೆ ಕೂತು ಹೋಗುವ ವಸ್ತು. ಎತ್ತಿನ ಗಾಡಿಯಲ್ಲೂ ಅದಕ್ಕೊಂದು ದಿಂಬು ಇರುತ್ತಿತ್ತಂತೆ.

ವಾರದಿಂದ ಕಾರಿನ ಹಿಂಭಾಗದಲ್ಲಿ ಎಲ್ಲೋ ಒಂದು ಫ್ಯಾನು ಗುಂಯ್‌ಗುಡುತ್ತಿತ್ತು. ಇವತ್ತು ಎಂಟನೇ ಮೈಲಿಯಲ್ಲಿ ಅದೂ ನಿಂತಿತು. ಎದುರಿಗೆ ಕೆಂಪು ಅಕ್ಷರ — ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿಸಿ. ಆಮೇಲೆ ಕಾರೇ ನಿಂತಿತು. ತುಮಕೂರು ರಸ್ತೆಯ ನಟ್ಟನಡುವೆ. ಹಿಂದೆ ಲಾರಿಗಳ ಹಿಮ್ಮೇಳ!

ಆಟೋದವನು ಕಿಟಕಿಯಿಂದ ಬಗ್ಗಿ ನೋಡಿದ. "ಏನ್ ಸಾರ್, ಕಿರೀಟ ಇಟ್ಕೊಂಡು ತಳ್ತಾ ಇದೀರ?"

ಪೆಟ್ಟಿಗೆಯ ಮುಚ್ಚಳ ಹಾಕಿ ಮತ್ತೆ ತಳ್ಳಿದೆ. ನಾನು! ರಾಜ!

೫ ಏಪ್ರಿಲ್, ಶನಿವಾರ
ಶೋರೂಮು. ಏಸಿ, ಕಾಫಿ, ಟೈ ಕಟ್ಟಿದ ಹುಡುಗಿ. "ಹೈಬ್ರಿಡ್ ಬ್ಯಾಟರಿ ಡೆಡ್ ಸರ್. ರಿಪ್ಲೇಸ್‌ಮೆಂಟ್ ಎರಡೂಮುಕ್ಕಾಲು ಲಕ್ಷ. ಕಾರು ಹನ್ನೊಂದು ವರ್ಷದ್ದಲ್ವಾ..." ಸಾವಿನ ಸುದ್ದಿ ಹೇಳುವಾಗ ನಗಬಾರದೆಂದು ಅವಳಿಗೆ ಯಾರೂ ಕಲಿಸಿಲ್ಲ.

ಮಾರಿದವನು ಯಾರು ಈ ಕಾರನ್ನು? ನಲ್ಲಪ್ಪ. ನನ್ನ ಹೆಂಡತಿ ಶ್ಯಾಮಲಾಳ ಸ್ವಂತ ತಮ್ಮ. ಇಪ್ಪತ್ತೆರಡು ವರ್ಷದಿಂದ ರಂಗದ ಮೇಲೆ ನನಗೆ ಮಂತ್ರಿ. "ಸದ್ದೇ ಇರಲ್ಲ ಭಾವ, ಬೆಣ್ಣೆ" ಎಂದು ಎರಡು ವರ್ಷದ ಹಿಂದೆ ಕೀಲಿ ಕೈಗಿಟ್ಟ. ಗೊತ್ತಿತ್ತು ಅವನಿಗೆ. ಸಾಯುವ ಕುದುರೆ ಎಂದು ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ?

೬ ಏಪ್ರಿಲ್, ಭಾನುವಾರ
ಹೇಳಿಬಿಟ್ಟೆ. ತಾಲೀಮಿನಲ್ಲಿ, ಮೈಕಿನಲ್ಲಿ, ಊರ ಯಜಮಾನರೆಲ್ಲ ಕೂತಿದ್ದಾಗ. ಮಂತ್ರಿಯ ಮಾತಿಗೆ ಉತ್ತರ ಕೊಡುವ ಜಾಗದಲ್ಲಿ — "ಸತ್ತ ಕುದುರೆಯನ್ನು ಸ್ವಂತ ಭಾವನಿಗೇ ಮಾರಿದ ವಂಚಕ ನೀನು!"

ಜನ ನಕ್ಕರು. ಚಪ್ಪಾಳೆಯೂ ಬಿತ್ತು. ಸುಳ್ಳೇಕೆ, ಹಿತವಾಯಿತು.

ನಲ್ಲಪ್ಪ ಒಬ್ಬನೇ ನಗಲಿಲ್ಲ. "ಭಾವ, ಇದು ಡೈಲಾಗಾ? ನಿಜಕ್ಕೂ ಹೇಳ್ತಿದೀರಾ?"

"ನಿಜಾನೇ ಕಣೋ."

ಮಂತ್ರಿಯ ಪೇಟ ತೆಗೆದು ಹಾರ್ಮೋನಿಯಂ ಮೇಲಿಟ್ಟ. ಹೋದ. ಶ್ಯಾಮಲಾ ಹೆಂಗಸರ ಸಾಲಿನಲ್ಲಿದ್ದಳು. ಮನೆಗೆ ನಡೆದೇ ಬಂದಳು, ನನಗಿಂತ ಹತ್ತು ಹೆಜ್ಜೆ ಮುಂದೆ.

೧೬ ಏಪ್ರಿಲ್, ಬುಧವಾರ
ಪೀಣ್ಯ ಎರಡನೇ ಹಂತದಲ್ಲಿ ಅಮರೇಶ್ ಎಂಬ ಮೆಕ್ಯಾನಿಕ್, ರಾಯಚೂರಿನ ಕಡೆಯವನು. ಶೋರೂಮಿಗಿಂತ ಕಡಿಮೆಗೆ ಬ್ಯಾಟರಿ ಹಾಕಿದ. ಕಡಿಮೆ ಎಂದರೂ, ಮಹಡಿಯ ಮೇಲೆ ಕಟ್ಟಬೇಕಿದ್ದ ರೂಮಿನ ದುಡ್ಡು ಈಗ ಸೀಟಿನ ಹಿಂದೆ ಕೂತಿದೆ.

ಕೀಲಿಯ ಜತೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟ.

"ಬ್ಯಾಟರಿ ತಾನಾಗೇ ಸತ್ತಿಲ್ರಿ ಸರ. ನೀವ ಉಸಿರು ಕಟ್ಟಿಸೀರಿ. ಹಿಂದಿನ ಸೀಟಿನ ಬಾಜೂಕ ಜಾಲರಿ ಐತಲ್ರಿ? ಅದು ಬ್ಯಾಟರಿ ಮೂಗು. ಅಲ್ಲಿಂದ ತಣ್ಣನ ಗಾಳಿ ಎಳಕೊಂತೈತಿ. ಅದಕ್ಕ ಏನೋ ಒತ್ತಿ ಇಟ್ಟೀರಿ, ದಿನಾ. ಫ್ಯಾನಿನಾಗ ಇದು ಸಿಕ್ತು. ಗಡ್ಡ ಯಾರದ್ರಿ?"

ಕವರಿನಲ್ಲಿ ಕೆಂಪು ಮಖಮಲ್ ನಾರು. ಜರಿ ಚೂರು. ಕಪ್ಪು ಗಡ್ಡದ ಎಳೆಗಳು, ಉಂಡೆಯಾಗಿ.

ರಾಜನ ಗಡ್ಡ.

ನೆನಪಾಯಿತು. ಕಾರು ಕೊಟ್ಟ ದಿನ ನಲ್ಲಪ್ಪ ಆ ಜಾಲರಿಯನ್ನು ಬೆರಳಿಟ್ಟು ತೋರಿಸಿದ್ದ. "ಇಲ್ಲಿ ಏನೂ ಅಡ್ಡ ಇಡ್ಬೇಡಿ ಭಾವ." ನಾನು ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದೆ.

ಕವರನ್ನು ಕಿರೀಟದ ಪೆಟ್ಟಿಗೆಯ ತಳದಲ್ಲಿಟ್ಟೆ. ನಾಳೆ ಹೇಳುತ್ತೇನೆ.

೨೨ ಏಪ್ರಿಲ್
ನಲ್ಲಪ್ಪನ ಮಗಳು ನಿವೇದಿತಾಳ ನಿಶ್ಚಿತಾರ್ಥವಂತೆ, ಮೇ ನಾಲ್ಕಕ್ಕೆ. ಹೇಳಿದ್ದು ಹಾಲಿನವನು. ನಮಗೆ ಕರೆ ಇಲ್ಲ. ಶ್ಯಾಮಲಾ ಸೋದರತ್ತೆ, ಹುಡುಗಿಗೆ ಹೂ ಮುಡಿಸಬೇಕಾದ ಕೈ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಸುಮ್ಮನೆ ನೋಡುತ್ತ ನಿಂತಿದ್ದಳು.

ನಾನು ಒಲೆ ಆರಿಸಿದೆ. ಕವರು ಪೆಟ್ಟಿಗೆಯಲ್ಲೇ ಇತ್ತು.

೩೦ ಏಪ್ರಿಲ್
ಶ್ಯಾಮಲಾ ಕಿರೀಟ ಒರೆಸಲು ಪೆಟ್ಟಿಗೆ ತೆಗೆದಳಂತೆ. ಕವರು ಹಿಡಿದು ಬಂದಳು.

"ಇದು ನಿಮ್ಮ ಗಡ್ಡ ಅಲ್ವಾ?"

ಹೇಳಿದೆ. ಎಲ್ಲ ಹೇಳಿದೆ.

"ಯಾವತ್ತು ಗೊತ್ತಾಯ್ತು?"

"ಎರಡು ವಾರ ಆಯ್ತು."

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಆಡುತ್ತಿದ್ದೆ. "ಎರಡು ವಾರ ನನ್ ತಮ್ಮನ್ನ ಕಳ್ಳ ಮಾಡಿ ಊಟ ಮಾಡಿದ್ರಿ, ನಾನು ಬಡಿಸ್ದೆ" ಎಂದಳು.

ಫೋನು ಮಾಡಿ ಕ್ಷಮೆ ಕೇಳುತ್ತೇನೆ ಎಂದೆ.

"ಬೈಯ್ಯೋಕೆ ಮೈಕು, ತಪ್ಪಾಯ್ತು ಅನ್ನೋಕೆ ಫೋನಾ? ನಾಲ್ಕು ಜನರ ಮುಂದೆ ಹೇಳಿ. ಅವನು ಬಾ ಅಂದ್ರೆ ಬರ್ತೀನಿ. ಇಲ್ದಿದ್ರೆ ನಂಗೆ ತವರಿಲ್ಲ ಅಂದ್ಕೋತೀನಿ."

೪ ಮೇ, ಭಾನುವಾರ, ಬೆಳಿಗ್ಗೆ ೧೦.೪೦
ನಲ್ಲಪ್ಪನ ಬೀದಿ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಶ್ಯಾಮಲಾ ಮನೆಯಲ್ಲಿ ರೇಷ್ಮೆ ಸೀರೆ ತೆಗೆದು ಮಂಚದ ಮೇಲೆ ಹರಡಿದ್ದಾಳೆ. ಉಟ್ಟಿಲ್ಲ.

ಶಾಮಿಯಾನದ ಬಾಗಿಲಿಗೇ ನಿಲ್ಲಿಸಿದ್ದೇನೆ. ಒಬ್ಬರೂ ತಿರುಗಿ ನೋಡಲಿಲ್ಲ. ಹೊಸ ಬ್ಯಾಟರಿ, ಕಾರು ಸದ್ದೇ ಇಲ್ಲದೆ ಬಂತು. ಬೆಣ್ಣೆ! ನಲ್ಲಪ್ಪ ಹೇಳಿದ್ದು ಸುಳ್ಳಲ್ಲ.

ಒಳಗೆ ಮೈಕು ಟೆಸ್ಟು ಮಾಡುತ್ತಿದ್ದಾರೆ. ಮಾತು ಸಿದ್ಧ ಮಾಡಿಕೊಂಡು ಬಂದಿದ್ದೇನೆ — ನಾಲ್ಕು ಪುಟ, ಏರಿಳಿತ ಸಮೇತ. ಈಗ ಓದಿದರೆ ಒಂದೊಂದು ಸಾಲಿನಲ್ಲೂ ಚಪ್ಪಾಳೆಗೆ ಜಾಗ ಬಿಟ್ಟಿದ್ದೇನೆ. ಥೂ. ಹರಿದೆ. ಕವರು ಮಾತ್ರ ಸಾಕು. ಗಡ್ಡ ತೋರಿಸಿ, ತಪ್ಪು ನನ್ನದು ಎಂದರೆ ಮುಗಿಯಿತು. ಎರಡೇ ಮಾತು.

ನಲ್ಲಪ್ಪ ಹೊರಗೆ ಬಂದ. ಕಾರು ಗುರುತು ಹಿಡಿದ. ನನ್ನನ್ನು ನೋಡಲಿಲ್ಲ. ಮೊದಲು ಪಕ್ಕದ ಸೀಟು ನೋಡಿದ, ಬಗ್ಗಿ ಹಿಂದಿನ ಸೀಟೂ ನೋಡಿದ. ಅಕ್ಕ ಬಂದಿದ್ದಾಳೋ ಎಂದು. ಎರಡೂ ಖಾಲಿ.

ಬರುತ್ತಿದ್ದಾನೆ. ಗಾಜು ಇಳಿಸಬೇಕು. ಕವರು ಎಲ್ಲಿ