ಡ್ರಿಪ್ ಇದ್ದ ಕೈ

ರಕ್ತಪರೀಕ್ಷಾ ವಿಭಾಗದ ಮುಖ್ಯಸ್ಥರಿಗೆ,

ಹದಿನಾಲ್ಕನೇ ಹಾಸಿಗೆಯ ರೋಗಿಯ ಗಂಡ ಬರೆಯುವುದು.

ಸೋಮವಾರ ನಿಮ್ಮ ವಿಭಾಗದ ರಕ್ತ ತೆಗೆಯುವಾಕೆ ಬಂದಾಗ ನನ್ನ ಹೆಂಡತಿಯ ಎಡಗೈಗೆ ಡ್ರಿಪ್ ಹರಿಯುತ್ತಿತ್ತು. ಆಕೆ ಅದೇ ಕೈಗೆ, ಡ್ರಿಪ್ ಸೂಜಿಯ ಪಕ್ಕದಲ್ಲೇ ಚುಚ್ಚಿದಳು. “ಆ ಕೈ ಬೇಡಮ್ಮ, ನೀರು ಬೆರೆಯುತ್ತೆ” ಅಂದೆ. “ಎಲ್ಲಾ ಆಟೊಮ್ಯಾಟಿಕ್ ಮಿಷನ್ ಯಜಮಾನ್ರೇ, ತಪ್ಪೋ ಮಾತೇ ಇಲ್ಲ” ಅಂದಳು.

ಸಂಜೆ ವರದಿ ಬಂತು. ಪ್ರೋಟೀನ್ ಇರಬೇಕಾದ್ದರಲ್ಲಿ ಅರ್ಧ. ವೈದ್ಯರು ಮುಖ ಸಪ್ಪಗೆ ಮಾಡಿಕೊಂಡು, ಮಕ್ಕಳನ್ನು ಕರೆಸಿಕೊಳ್ಳಿ ಎಂದರು. ಮರುದಿನ ನರ್ಸ್ ಬಲಗೈಯಿಂದ ರಕ್ತ ತೆಗೆದರೆ, ಅದೇ ಯಂತ್ರದಲ್ಲಿ ಪ್ರೋಟೀನ್ ಸರಿಯಾಗಿಯೇ ಬಂತು. ಕೇಳಲು ಬಂದ ನನಗೆ, “ಮಿಷನ್ ಸರಿಯಾಗೇ ಇದೆಯಲ್ಲ, ಮತ್ತೇನ್ರೀ?” ಅಂದು ಕೈ ತೊಳೆದುಕೊಂಡಿರಿ.

ಸ್ವಾಮಿ, ನಾನು ಮೂವತ್ತು ವರ್ಷ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿದವನು. ಯಂತ್ರ ಸುಳ್ಳು ಹೇಳಲಿಲ್ಲ, ಒಪ್ಪುತ್ತೇನೆ. ನೀರು ಕೊಟ್ಟರೆ ಅದು ನೀರನ್ನೇ ಅಳೆಯುತ್ತದೆ. ಕಣ್ಣು ಇರುವುದು ನಮಗೆ.

ನನ್ನವಳು ಇನ್ನು ತಾನು ಮನೆಗೆ ಮರಳುವುದಿಲ್ಲವೆಂದು ಆ ಸಂಜೆಯೇ ಕಪಾಟಿನ ಕೀ ಸೊಸೆಯ ಕೈಗೆ ಕೊಟ್ಟುಬಿಟ್ಟಳು. ಈಗ ವಾಪಸ್ ತಗೋ ಎಂದರೆ, “ನೀವು ನನ್ನ ಸಮಾಧಾನಕ್ಕೆ ಹೇಳ್ತೀರಿ, ಮಿಷನ್ ಸುಳ್ಳು ಹೇಳುತ್ತಾ?” ಅನ್ನುತ್ತಾಳೆ. ಆದ್ದರಿಂದ ತಪ್ಪು ಯಾರದೆಂದು ಬರೆದು, ನೀವೇ ವಾರ್ಡಿಗೆ ಬಂದು ಅವಳಿಗೆ ಓದಿ ಹೇಳಬೇಕು.

ನೀರು ಬೆರೆತ ಹಾಲನ್ನು ನಾನು ಕ್ಯಾನಿನ ಸಮೇತ ಹಿಂದಿರುಗಿಸುತ್ತಿದ್ದೆ. ನಿಮ್ಮ ಸೋಮವಾರದ ವರದಿ ಈ ಪತ್ರದ ಜೊತೆಗಿದೆ.

ಇತಿ,
ಹಾಸಿಗೆಯ ಪಕ್ಕದಲ್ಲೇ ಕಾದು ಕೂತಿರುವ
ನಿವೃತ್ತ ಹಾಲು ಪರೀಕ್ಷಕ