ಒಂದೇ ಟ್ರೇಯಲ್ಲಿ ಎರಡು ಸ್ಲೈಡು

ಲ್ಯಾಬಿನ ಹಿಂದಿನ ಕೋಣೆ
ಮಂಗಳವಾರ, ಸಂಜೆ ಆರು ಗಂಟೆ

ಪ್ರೀತಿಯ ಅಣ್ಣಾ,

ಹಡಗಿನಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ ಎಂದರೆ ಕೇಳುವವನಲ್ಲ ನೀನು. ನಾನು ಚೆನ್ನಾಗಿದ್ದೇನೆ. ಇಂದು ಮೂವತ್ತೊಂದು ರಕ್ತದ ಸ್ಲೈಡಿಗೆ ಬಣ್ಣ ಹಾಕಿದೆ, ಬೈಸಿಕೊಂಡೆ, ಊಟ ಮರೆತೆ.

ಅಪ್ಪನ ವಿಷಯ. ನಮ್ಮ ಆಸ್ಪತ್ರೆಯ ವಾರ್ಡಿನ ಡಾಕ್ಟರು ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳಲ್ಲ: ರಕ್ತ ಕಡಿಮೆ, ಹೊಟ್ಟೆಯ ಎಡಗಡೆಯ ಗುಲ್ಮ ಊದಿದೆ, ಮಜ್ಜೆ ತೆಗೆಯಲು ಮೂಳೆಯೊಳಗೆ ಸೂಜಿ ಹಾಕಿದರೆ ಏನೂ ಬರಲಿಲ್ಲ, ಯಂತ್ರದ ವರದಿಯಲ್ಲಿ ಕೆಟ್ಟ ಕಣ ಒಂದೂ ಇಲ್ಲ. 'ಈ ವಯಸ್ಸಲ್ಲಿ ಇನ್ನೆಷ್ಟು ಚುಚ್ಚೋದು, ಮನೆಗೆ ಕರ್ಕೊಂಡ್ಹೋಗಿ' ಎಂದರು. ನೀನೂ ಸರಿ ಎಂದೆ.

ಮನೆಯವರ ರಕ್ತವನ್ನು ನಾವು ಮುಟ್ಟಬಾರದೆಂಬುದು ಲ್ಯಾಬಿನ ನಿಯಮ. ಅಮ್ಮನ ಸಲ ಪಾಲಿಸಿದೆ. ಅವಳ ಸ್ಲೈಡು ನನ್ನ ಕೈಯಳತೆಯಲ್ಲೇ ಇತ್ತು, ತಲೆ ತಗ್ಗಿಸಿ ಆಚೆ ಹೋದೆ. ಹದಿನೆಂಟನೇ ದಿನ ಅವಳನ್ನು ಕಳೆದುಕೊಂಡೆವು. ನೋಡಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಗೊತ್ತಿಲ್ಲ. ನೋಡಲಿಲ್ಲ, ಅಷ್ಟೇ.

ಈ ಸಲ ನೋಡಿದೆ. ಯಂತ್ರ ಮಾಮೂಲಿ ಬಿಳಿ ಕಣವೆಂದು ಎಣಿಸಿದ್ದವುಗಳ ಅಂಚಿನ ಸುತ್ತ ಸಣ್ಣ ಸಣ್ಣ ಕೂದಲೆದ್ದಿದ್ದವು. ಲ್ಯಾಬಿನ ಮೇಲಧಿಕಾರಿ ನಕ್ಕರು. 'ಸ್ಲೈಡು ನಿಧಾನಕ್ಕೆ ಒಣಗಿದ್ರೆ ಹಾಗೇ ಕಾಣ್ಸುತ್ತೆ ಕಣಮ್ಮಾ. ನಿನ್ನ ಕೆಲ್ಸ ಬಣ್ಣ ಹಾಕೋದು.' ಹಾಗಾಗುವುದೂ ಉಂಟು. ಅದಕ್ಕೇ ನನ್ನ ಬೆರಳು ಚುಚ್ಚಿಕೊಂಡೆ. ನನ್ನದೊಂದು ಹನಿ, ಅಪ್ಪನದೊಂದು ಹನಿ. ಒಂದೇ ಫ್ಯಾನಿನ ಕೆಳಗೆ ಒಣಗಿಸಿ, ಒಂದೇ ಟ್ರೇಯಲ್ಲಿ ಒಂದೇ ಬಣ್ಣ ಹಾಕಿದೆ. ಎರಡನ್ನೂ ಅವರ ಮೇಜಿನ ಮೇಲಿಟ್ಟು, 'ನೀವು ನೋಡೋವರೆಗೂ ಇಲ್ಲೇ ನಿಂತಿರ್ತೀನಿ ಸಾರ್' ಎಂದೆ. ನಿಂತೆ. ನನ್ನ ಕಣಗಳ ಅಂಚು ನುಣ್ಣಗಿತ್ತು. ಅಪ್ಪನವಕ್ಕೆ ಕೂದಲಿತ್ತು. ಅವರು ಮೈಕ್ರೋಸ್ಕೋಪಿನ ತಿರುಪು ತಿರುಗಿಸುತ್ತ ಎರಡನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ, 'ಸೂಜಿಗೆ ಏನೂ ಬರ್ದೇ ಇದ್ದಿದ್ದೂ ಇದ್ರಿಂದಾನೇ ಇರ್ಬೇಕು' ಎಂದರು. ಅಪರೂಪದ ರಕ್ತದ ಕ್ಯಾನ್ಸರಂತೆ. ಆದರೆ ಔಷಧಕ್ಕೆ ಬಗ್ಗುವ ಜಾತಿಯದಂತೆ.

ಅಪ್ಪನಿಗೆ ಹೇಳಿದೆ. ಬೋಳುತಲೆ ಸವರಿಕೊಂಡು, 'ಬೇಕಾದ ಕಡೆ ಬರ್ಲಿಲ್ಲ ನೋಡು ಕೂದ್ಲು' ಎಂದರು.

ನಿನಗೆ ಅವರ ಆಶೀರ್ವಾದ, ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ

ಮರೆತಿದ್ದೆ: ನಿಯಮ ಮುರಿದದ್ದಕ್ಕೆ ನನಗೆ ಮೆಮೊ ಬಂದಿದೆ. ತಪ್ಪಾಯಿತೆಂದು ಬರೆದುಕೊಡುವುದಿಲ್ಲ. ಹಿರಿಮಗನೆಂದು ನೀನು ಸಹಿ ಮಾಡಿ ಕಳಿಸಿದ್ದ ಡಿಸ್ಚಾರ್ಜಿನ ಒಪ್ಪಿಗೆ ಪತ್ರವನ್ನು ಹರಿದುಹಾಕಿದ್ದೇನೆ. ಬೈಯುವುದಿದ್ದರೆ ಬಂದು ಬೈ. ನಾಳೆ ಒಂಬತ್ತಕ್ಕೆ ಅಪ್ಪನ ರಕ್ತ ಖಚಿತ ಪರೀಕ್ಷೆಗೆಂದು ದೊಡ್ಡ ಲ್ಯಾಬಿಗೆ ಹೋಗುತ್ತದೆ.