ಶುಕ್ರವಾರದೊಳಗೆ ಹೇಳಬೇಕಾದ ಮಾತು

ಶನಿವಾರ, ಜೂನ್ ೭

ನನ್ನ ಮುದ್ದಿನ ಅಕ್ಕನಿಗೆ,

ಮೊದಲು ನನ್ನ ಕಿವಿ ಹಿಂಡಿಬಿಡು, ಆಮೇಲೆ ಓದು. ಮದುವೆಯಾಗಿ ಏಳು ವಾರವಾಯಿತು, ಒಂದು ಸಾಲೂ ಬರೆದಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ‘ಆಮೇಲೆ ಮಾತಾಡ್ತೀನಿ ಅಕ್ಕಾ’ ಎಂದು ಜಾರಿಕೊಂಡೆ. ಇದು ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ. ಒತ್ತಕ್ಷರ ತಪ್ಪಿದ್ದರೆ ನಗು, ಕೆಂಪು ಪೆನ್ನು ಮಾತ್ರ ಹಿಡಿಯಬೇಡ.

ಅಯ್ಯೋ, ಎಷ್ಟು ಸುದ್ದಿ! ನಮ್ಮದು ಎರಡೇ ಕೋಣೆ. ಅಡುಗೆಮನೆಯಲ್ಲಿ ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕು. ಆದರೂ ಎಷ್ಟು ಚಂದ ಅಕ್ಕಾ! ಇವರು ದಿನವಿಡೀ ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ, ಸಂಜೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿಕೊಂಡು ಬರುತ್ತಾರೆ. ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ. ‘ದೀಪದ ಕೆಳಗೆ ಕತ್ತಲು ಅಂದ್ರೆ ಇದೇ ಕಣೇ’ ಎಂದು ಏದುಸಿರಿನಲ್ಲೇ ನಗುತ್ತಾರೆ. ನಾನು ಬಾಗಿಲಲ್ಲಿ ನಿಂತು ಅವರ ಹೆಜ್ಜೆ ಎಣಿಸುತ್ತೇನೆ. ನಾಚಿಕೆಗೆಟ್ಟವಳು ಅನ್ನು, ಪರವಾಗಿಲ್ಲ.

ಲ್ಯಾಬಿನಲ್ಲಿ ಮೊದಲಿನಂತೆಯೇ ಕಟ್ಟುಹಲ್ಲಿನ ಸೆಟ್ ಮಾಡುವ ಕೆಲಸ. ಹೋದ ವರ್ಷ ಒಬ್ಬ ಅಜ್ಜಿ ಬಂದದ್ದು ನೆನಪಿದೆಯಾ? ಹೊಸ ಸೆಟ್ ಹಾಕಿಕೊಂಡ ಮೇಲೆ ‘ಸ’ ಎಂದರೆ ಸೀಟಿ ಹೊಡೆದಂತಾಗುತ್ತದೆ ಎಂದು ಅತ್ತವರು. ಮಾಲೀಕರು ‘ಹಲ್ಲಿಗೆ ಗ್ಯಾರಂಟಿ ಕೊಡ್ತೀವಿ, ನಾಲಿಗೆಗೆ ಕೊಡಲ್ಲಮ್ಮ’ ಎಂದುಬಿಟ್ಟರು. ಊಟದ ಬಿಡುವಿನಲ್ಲಿ ನಾನು ಅವರ ಎದುರು ಕನ್ನಡಿ ಹಿಡಿದು ಒಂಬತ್ತು ದಿನ ಕೂತೆ. ಹತ್ತನೆಯ ದಿನ ಅವರು ಮೊಮ್ಮಗಳನ್ನು ಸೀಟಿಯಿಲ್ಲದೆ ಕರೆದರು. ಹಲ್ಲಿಗಿಂತ ಮಾತು ದೊಡ್ಡದು ಅನ್ನಿಸಿದ್ದು ಅಂದೇ. ಮಾತು ಬಾರದವರಿಗೆ ಮಾತು ಕಲಿಸುವ ಆ ಎರಡು ವರ್ಷದ ಪಿ.ಜಿ. ಕೋರ್ಸಿಗೆ ನೀನೇ ಬೆನ್ನು ಹತ್ತಿ ಅರ್ಜಿ ಹಾಕಿಸಿದೆ.

ಸೀಟು ಸಿಕ್ಕಿದೆ ಅಕ್ಕಾ. ಮೂರು ವಾರವಾಯಿತು. ಸೇರುತ್ತೇನೋ ಇಲ್ಲವೋ ಎಂದು ಬರುವ ಶುಕ್ರವಾರದೊಳಗೆ ಕಾಲೇಜಿನ ಕಚೇರಿಗೆ ತಿಳಿಸಬೇಕು. ಇಲ್ಲವಾದರೆ ಅದು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ನಿನಗೆ ಹೇಳಲಿಲ್ಲವೆಂದು ಮುಖ ಊದಿಸಬೇಡ.

ಇವರಂತೂ ‘ಹೋಗೇ, ರೈಲಲ್ಲಿ ಐದೇ ಗಂಟೆ. ಪ್ರತಿ ಶನಿವಾರ ನಾನೇ ಬರ್ತೀನಿ. ಎರಡು ವರ್ಷ ನಿನ್ನ ಅಡುಗೆ ತಪ್ಪಿದ್ರೆ ನನ್ನ ಆಯಸ್ಸೂ ಗಟ್ಟಿ ಆಗುತ್ತೆ’ ಅಂದರು. ದಿಂಬಿನಲ್ಲಿ ಹೊಡೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ದಿನಕ್ಕೊಂದು ನೆಪ ಹೇಳಿದೆ: ಇಪ್ಪತ್ತೇಳಾಯಿತು, ಈಗೆಂಥ ಓದು, ಹೊಸ ಸಂಸಾರ, ಲ್ಯಾಬಿನಲ್ಲಿ ಇನ್ನೊಬ್ಬರು ಸಿಗುವುದಿಲ್ಲ. ಮೊನ್ನೆ ಅವರು ನಗಲಿಲ್ಲ. ‘ನಿಜ ಹೇಳು, ನಿನಗೆ ಯಾರ ಭಯ?’ ಎಂದರು. ನಾನು ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಹೋಗುವುದು ಬೇಡ ಎಂದೇ ಮನಸ್ಸು ಮಾಡಿದ್ದೇನೆ. ಬೈಯಬೇಡ.

ಶಾಲೆ ಶುರುವಾಯಿತು, ಯೂನಿಫಾರ್ಮಿನ ರಾಶಿ ನಿನ್ನ ಮೆಷಿನ್ ಮುಂದೆ ಬೆಟ್ಟದಂತೆ ಬಿದ್ದಿರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸು, ನಿನ್ನ ಬಿಂಕವೆಲ್ಲ ಗೊತ್ತು ನನಗೆ. ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ. ಚಿಕ್ಕವರು ದೊಡ್ಡವರನ್ನು ಹರಸಬಾರದಂತೆ. ಹರಸಿಬಿಟ್ಟೆ, ಏನು ಮಾಡುತ್ತೀಯ?

ನಿನ್ನ
ಗಿಳಿಮರಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯುವ ಧೈರ್ಯ ಬರದೆ ಉಳಿದದ್ದು.

ಅಮ್ಮ ತೀರಿಕೊಂಡ ವರ್ಷ, ಹೊಲಿಗೆ ಬಿಟ್ಟು ಓದಬೇಕೆಂದು ನೀನು ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದೆ. ಒಂದು ಮಧ್ಯಾಹ್ನ ನೀನು ಬಟ್ಟೆ ಕೊಟ್ಟುಬರಲು ಹೋಗಿದ್ದಾಗ ಆ ಕಾಲೇಜಿನಿಂದ ಫೋನ್ ಬಂತು. ನನಗೆ ಒಂಬತ್ತು ವರ್ಷ. ಒಂದು ಸೀಟು ತೆರವಾಗಿದೆ, ನಿಮ್ಮ ಅಕ್ಕ ನಾಳೆ ಬಂದು ಸೇರುತ್ತಾರಾ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಫೋನಿನಲ್ಲಿ ಹೇಗೆ ಮಾತಾಡಬೇಕೆಂಬ ಪಾಠ ಶಾಲೆಯಲ್ಲಿ ಆಗಷ್ಟೇ ಮುಗಿದಿತ್ತು. ಬೆನ್ನು ನೆಟ್ಟಗೆ ಮಾಡಿ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಅಕ್ಕ ಸೇರುವುದಿಲ್ಲ, ಬೇರೆಯವರಿಗೆ ಕೊಡಿ, ಧನ್ಯವಾದ ಎಂದೆ. ಎಷ್ಟು ಚೆನ್ನಾಗಿ ಮಾತಾಡುತ್ತೀಯ ಮರಿ ಎಂದು ಅವರು ಹೊಗಳಿದರು. ನೀನೂ ಹೋದರೆ ನನಗೆ ಜಡೆ ಹಾಕುವವರು ಯಾರು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಮುಂದಿನ ವರ್ಷ ಅವರೇ ಮತ್ತೆ ಕರೆಯುತ್ತಾರೆ ಎಂದುಕೊಂಡಿದ್ದೆ.

ನೀನು ಎರಡು ತಿಂಗಳು ಪೋಸ್ಟಿನ ದಾರಿ ಕಾದೆ. ಆಮೇಲೆ ಯಾರು ಕೇಳಿದರೂ ‘ನನಗೆಲ್ಲಿ ಸಿಗುತ್ತೆ ಬಿಡಿ, ಅಷ್ಟು ಬುದ್ಧಿ ಎಲ್ಲಿದೆ’ ಎಂದು ನಕ್ಕೆ. ಹದಿನೆಂಟು ವರ್ಷದಿಂದ ಹಾಗೆಯೇ ಹೇಳುತ್ತಿದ್ದೀಯ. ಮದುವೆಯ ದಿನ ಇವರಿಗೂ ಹಾಗೆಯೇ ಹೇಳಿದೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಶುಕ್ರವಾರ ರಜೆ ಹಾಕಿದ್ದೇನೆ. ಇದನ್ನು ಓದಿದ ಮೇಲೂ ನೀನು ಹೋಗು ಎಂದರೆ ಹೋಗುತ್ತೇನೆ. ಬೈದರೂ ಸರಿ, ಏನೂ ಹೇಳದಿದ್ದರೂ ಸರಿ. ಆದರೆ ಇನ್ನು ಮೇಲೆ ಯಾರಾದರೂ ಕೇಳಿದರೆ ‘ನನಗೆ ಸಿಗಲಿಲ್ಲ’ ಅನ್ನಬೇಡ ಅಕ್ಕಾ. ಸಿಕ್ಕಿತ್ತು.